ಬಚ್ಚಲಿನಲ್ಲಿ ಕೊಡೆ ಹಿಡಿದ ಹಂಝ

ಜಾಲ್ಸೂರಿನ ಕೊಡೆ ರಿಪೇರಿಯ ಹಂಝ ಕೊಡೆ ಬಿಡಿಸಿಕೊಂಡೇ ಸ್ನಾನ ಮಾಡುತ್ತಿದ್ದ ಎಂದರೆ ಈಗಿನವರು ನಗುತ್ತಾರೆ. ನಗಲಿ. ಹೊರಗೆ ಒಂದು ಹನಿಯೂ ಇಲ್ಲದ ದಿನ ಅವನ ಬಚ್ಚಲೊಳಗೆ ಮಾತ್ರ ಜಡಿಮಳೆ.

ಹಿಂದೆ ಹಾಗಿರಲಿಲ್ಲ. ತಾಯಿ ಜೈನಬಮ್ಮ ಇದ್ದಾಗ, ತಂಗಿಯರ ದಂಡು ಮನೆ ತುಂಬ ಇದ್ದಾಗ, ಹಂಡೆಯ ಒಲೆ ಬೆಳಿಗ್ಗೆ ಹೊತ್ತಿಸಿದರೆ ಸಂಜೆಯ ತನಕ ಆರುತ್ತಿರಲಿಲ್ಲ. ಒಬ್ಬಳು ಹೊರಬರುವ ಮೊದಲೇ ಇನ್ನೊಬ್ಬಳು ಬಾಗಿಲು ಬಡಿಯುತ್ತಿದ್ದಳು. ಗೋಡೆ ಎಷ್ಟು ಒಣಗಿರುತ್ತಿತ್ತೆಂದರೆ, ಒಳಹೊಕ್ಕ ಹಲ್ಲಿ ಒಣಮೀನಾಗಿ ಹೊರಬರುತ್ತಿತ್ತು. ಅದಕ್ಕೆಂದೇ ಬೆಕ್ಕು ಹೊಸ್ತಿಲಲ್ಲಿ ಕಾಯುತ್ತಿತ್ತು. ಆಮೇಲೆ ತಾಯಿ ತೀರಿಕೊಂಡರು. ತಂಗಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಕೊನೆಯವಳು ಝುಬೈದಾ ಕಾಸರಗೋಡಿನ ಬಸ್ಸು ಹತ್ತಿದ ಮೇಲೆ ಬಚ್ಚಲ ಬಾಗಿಲು ಬಡಿಯುವವರೇ ಇಲ್ಲ.

ಒಬ್ಬನಿಗೆ ಹಂಡೆ ಯಾಕೆ? ಹಂಝ ಒಂದು ಪಾತ್ರೆ ನೀರು ಕಾಯಿಸಿ ಒಲೆ ಆರಿಸುತ್ತಿದ್ದ. ಬೆಚ್ಚಗಿರಲೆಂದು ಗೋಡೆಯ ಕಿಂಡಿಗೆ ಗೋಣಿ ತುರುಕಿದ. ಹಂಚಿನ ಕೆಳಗೆ ಸೀಮೆಎಣ್ಣೆ ಡಬ್ಬಿಯ ತಗಡು ಬಡಿದ. ಹಬೆ ಪಾಪ ಎಲ್ಲಿಗೆ ಹೋಗಬೇಕು? ತಗಡಿಗೆ ತಾಗಿ, ತಣ್ಣನೆಯ ಹನಿಯಾಗಿ ಸರಿಯಾಗಿ ಬೆನ್ನಿಗೇ ಬೀಳುತ್ತಿತ್ತು. ಆಗ ಬಂತು ಕೊಡೆ. ಗೋಡೆಯಲ್ಲಿ ಕಪ್ಪು ಬೂಷ್ಟು ಎದ್ದಿತು. ಹಂಝ ಅದರ ಜೊತೆ ಮಾತಿಗೂ ಕುಳಿತ. ಮೂಲೆಯ ದೊಡ್ಡ ಕಲೆ ಒಮ್ಮೊಮ್ಮೆ 'ಹೂಂ' ಅನ್ನುತ್ತದೆಂದು ಅವನೇ ಹೇಳಿದ್ದುಂಟು.

೧೯೫೯ರಲ್ಲಿ, ಮಳೆ ಬಿಟ್ಟ ಮೇಲೆ, ಬಸುರಿ ಝುಬೈದಾ ತನ್ನ 'ಕಾಕಾ'ನನ್ನು, ಅಂದರೆ ಅಣ್ಣನನ್ನು, ನೋಡಲು ಬಂದಳು. ಬಚ್ಚಲಿಗೆ ಹೋದವಳು ಮೂಗು ಮುಚ್ಚಿಕೊಂಡು ಹೊರಬಂದಳು.

"ಕಾಕಾ, ಇದೆಂತದು? ಕರಡಿಯ ಹೊಟ್ಟೆಯೊಳಗೆ ಹೊಕ್ಕ ಹಾಗೆ ಉಂಟು! ಹೆರಿಗೆಗೆ ಇಲ್ಲಿಗೇ ಬರ್ಬೇಕೂಂತ ನನಗೂ ಆಸೆ. ಆದ್ರೆ ಇದರಲ್ಲಿ ಬಾಣಂತಿ ಸ್ನಾನ ಹೇಗೆ ಮಾಡುದು? ಮಗುವನ್ನು ಎಲ್ಲಿ ಮೀಯಿಸುದು? ಒಣಗಿಸಿ ಇಟ್ರೆ ಬರ್ತೇನೆ."

ಹಂಝನಿಗೆ ಅಷ್ಟು ಸಾಕು. ಬಾಣಂತನದ ನಲ್ವತ್ತು ದಿನ ಮನೆಯಲ್ಲಿ ಮನುಷ್ಯರ ಸದ್ದು! ಸುಣ್ಣ ಬಳಿದು, ಧೂಳು ತಾಗದಿರಲೆಂದು ಬಾಗಿಲು ಮುಚ್ಚಿದ. ಬೂಷ್ಟು ಸುಣ್ಣದ ಮೇಲೆಯೇ ಬಂತು. ಮತ್ತೆ ಬಳಿದ. ಮತ್ತೆ ಬಂತು.

ಬಾಣಂತಿಯರನ್ನು ಮೀಯಿಸುವ ನೆರೆಮನೆಯ ಬೀಫಾತುಮ್ಮ ಬಂದು ನೋಡಿ, ಸೊಂಟಕ್ಕೆ ಕೈಯಿಟ್ಟು ನಕ್ಕರು.

"ಮೋನೇ, ಒದ್ದೆ ಮೈಗೆ ಅಂಗಿ ತೊಡಿಸಿ ಗುಂಡಿ ಹಾಕಿದ ಹಾಗಾಯ್ತು ನಿನ್ನ ಕೆಲಸ. ಆ ತಗಡು ಕಿತ್ತು ಬಿಸಾಡು. ಕಿಂಡಿ ಬಿಡಿಸು. ಮಿಂದ ಮೇಲೆ ಗೋಡೆ ಒರೆಸಿ, ಬಾಗಿಲು ತೆರೆದಿಟ್ಟು, ಒಲೆಗೆ ನಾಲ್ಕು ತೆಂಗಿನ ಗೆರಟೆ ಹಾಕು. ಬೂಷ್ಟನ್ನು ಉಜ್ಜಿ ತೆಗಿ. ಪೂರಾ ಒಣಗಿದ ಮೇಲೆ ಸುಣ್ಣ."

"ಹಬೆಯೆಲ್ಲ ಹೊರಗೆ ಹೋದ್ರೆ ಚಳಿ ಆಗುದಿಲ್ವಾ?"

"ಹಬೆಯನ್ನು ಹಿಡಿದಿಟ್ಟು ಎಂತ ಮಾಡ್ತೀಯಾ? ಮದುವೆ ಆಗ್ತೀಯಾ?"

ಹಂಝ ಹಾಗೇ ಮಾಡಿದ. ದಿನವೂ ಹಂಡೆ ತುಂಬಿಸಿ ಒಲೆ ಉರಿಸಿದ. ಗೋಡೆ ಬಿಳಿಯಾಯಿತು. ಕೊಡೆ ಅಂಗಡಿಗೆ ಮರಳಿತು. ಹಲ್ಲಿ ಬಂತು, ಹಿಂದಿನಿಂದ ಬೆಕ್ಕೂ ಬಂತು.

ಝುಬೈದಾ ಬರಬೇಕಾಗಿದ್ದ ಸಂಜೆ ಹಂಡೆ ಕಾಯಿಸಿಟ್ಟು ರಸ್ತೆಬದಿಯಲ್ಲಿ ನಿಂತ. ಕಾಸರಗೋಡಿನ ಬಸ್ಸಿನಿಂದ ಕಂಡಕ್ಟರ್ ಕೃಷ್ಣಮೋಹನ ಇಳಿದ.

"ಹಂಝಾಕ, ನಿಮ್ಮ ಭಾವ ಬಸ್ಸಿನ ಹತ್ರ ಬಂದು ಹೇಳಿದ್ರು. ನಿನ್ನೆಯೇ ಹೆರಿಗೆ ಆಯ್ತಂತೆ. ಗಂಡು. ಇಬ್ಬರೂ ಸೌಖ್ಯ. ಬಾಣಂತನ ಇನ್ನು ಅಲ್ಲಿಯೇ ಅಂತೆ."

"ಒಳ್ಳೇದಾಯ್ತು" ಎಂದ ಹಂಝ. ಸ್ವಲ್ಪ ಹೊತ್ತು ಬಸ್ಸಿನ ಬಾಗಿಲನ್ನೇ ನೋಡಿದ. "ಬಸ್ಸು ಇವತ್ತು ಇಲ್ಲೇ ಹಾಲ್ಟಲ್ವಾ? ಬಿಸಿನೀರು ಉಂಟು. ಮಿಂದು ಹೋಗಿ ಮಾರಾಯ್ರೆ."

"ನಿಮ್ಮ ಬಚ್ಚಲಿಗಾ? ಕೊಡೆ ತರ್ಬೇಕಾ?"

"ಬೇಡ. ಈಗ ಒಣಗಿ ಉಂಟು."

ಕೃಷ್ಣಮೋಹನ ಒಳಗೆ ಹೋದ. ಕಿಂಡಿಯಿಂದ ಹಬೆ ಹೊರಬಂದು ಸಂಜೆಯ ಬೆಳಕಿನಲ್ಲಿ ಕರಗಿತು. ಹಂಝ ಜಗಲಿಯಲ್ಲಿ ಕುಳಿತು ನೀರು ಬೀಳುವ ಸದ್ದು ಕೇಳಿದ. ಸದ್ದು ನಿಂತಾಗ ಎದ್ದು ಹೋಗಿ ಬಚ್ಚಲ ಬಾಗಿಲು ಬಡಿದ.

"ಆಯ್ತು, ಆಯ್ತು, ಬಂದೆ!"

"ಅವಸರ ಇಲ್ಲ" ಎಂದ ಹಂಝ. "ಸುಮ್ಮನೆ ಬಡಿದದ್ದು. ನೀರು ಇನ್ನೂ ಉಂಟು."