ಲಿಂಗಸುಗೂರಿನ ಹಸಿರು ದೀಪ

ನಾನು ಕೆಲಸ ಮಾಡುವ ಖಾಸಗಿ ಆಸ್ಪತ್ರೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಶಾಖೆಗಳಿವೆ. ರೋಗಿಗಳ ಮಾಹಿತಿಯೆಲ್ಲ ಇರುವ ಡೇಟಾಬೇಸ್ ನೋಡಿಕೊಳ್ಳುವವಳು ನಾನು. ಮುಖ್ಯ ಸರ್ವರ್ ಸಿಂಧನೂರಿನಲ್ಲಿದೆ. ಅದು ಕೈಕೊಟ್ಟರೆ ಕೆಲಸ ನಿಲ್ಲಬಾರದೆಂದು ಲಿಂಗಸುಗೂರಿನಲ್ಲಿ ಅದರದೇ ನಕಲೊಂದನ್ನು, ಅಂದರೆ ಸ್ಟ್ಯಾಂಡ್‌ಬೈ ಡೇಟಾಬೇಸನ್ನು, ಇಟ್ಟಿದ್ದೇವೆ. ಇಲ್ಲಿ ದಾಖಲಾದದ್ದು ಕೂಡಲೇ ಅಲ್ಲಿಗೂ ತಲುಪಬೇಕು.

ಇದನ್ನು ನೋಡಿಕೊಳ್ಳಲು ನಮ್ಮ ಐಟಿ ಮ್ಯಾನೇಜರ್ ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ಬಣ್ಣಬಣ್ಣದ ಪರದೆ, ನಡುವೆ ಹಸಿರು ದೀಪ. ಲಿಂಗಸುಗೂರಿನ ಯಂತ್ರ ಚಾಲೂ ಇದ್ದರೆ ಸಾಕು, ಆ ದೀಪ ಉರಿಯುತ್ತಿತ್ತು. ಡೇಟಾ ಬಂತೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ.

"ಸರ್, ಅಲ್ಲಿಗೆ ಡೇಟಾ ಹೋಗವಲ್ದ್ರಿ, ನಿಂತೈತಿ," ಎಂದೆ ಒಂದು ದಿನ.

"ದೀಪ ಉರಿಯಾಕತ್ತೈತಲ್ಲ, ಮತ್ತೇನ್ ಬೇಕ್ರಿ ನಿಮಗ? ಸುಮ್ಮ ಕೈ ಹಚ್ಚಬ್ಯಾಡ್ರಿ."

ಅದೇ ವಾರ ಸಿಂಧನೂರಿನ ಸರ್ವರ್ ಸತ್ತಿತು. ಲಿಂಗಸುಗೂರಿನದನ್ನು ತೆರೆದರೆ ಇತ್ತೀಚಿನ ರಕ್ತಪರೀಕ್ಷೆಯ ವರದಿ ಒಂದೂ ಇರಲಿಲ್ಲ. ಸಿಬ್ಬಂದಿಯೆಲ್ಲ ಸೇರಿದ್ದ ಸಭೆಯಲ್ಲಿ ಮ್ಯಾನೇಜರ್ ನನ್ನತ್ತ ಬೆರಳು ತೋರಿಸಿದರು: "ನೋಡೋ ಕೆಲಸ ಈಕಿದು. ಈಕಿ ಕಣ್ಣು ಮುಚ್ಚಿ ಮಕ್ಕೊಂಡಿದ್ಲು." ನಾನು ಬಾಯಿ ತೆರೆಯುವಷ್ಟರಲ್ಲಿ, ಮಸ್ಕಿಗೆ ಹೋಗಿ ರೋಗಿಗಳಿಗೆ ನೀವೇ ಉತ್ತರ ಕೊಡಿ ಎಂದು ಅಪ್ಪಣೆಯಾಯಿತು.

ಮಸ್ಕಿಯಲ್ಲಿ ಒಬ್ಬ ಅಜ್ಜಿ ತೋಳು ಮುಂದೆ ಚಾಚಿ, "ಮೊನ್ನಿ ತಗೊಂಡ ರಗತ ಎಲ್ಲಿ ಚೆಲ್ಲಿದಿ ಯವ್ವಾ?" ಎಂದಳು. ನಾನು ಕೈಮುಗಿದೆ. ಸಿಟ್ಟೆಲ್ಲ ಮ್ಯಾನೇಜರ್ ಮೇಲಿತ್ತು.

ಮುಂದೆ ಹೊಸ ಸಾಧನ ಆರಿಸುವ ಮಾತು ಬಂತು. ಮ್ಯಾನೇಜರ್ ಮತ್ತೆ ಅದೇ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನೇ ಹಿಡಿದು ಕೂತರು. ನಾನು ಹುಡುಕಿದ್ದು ನೋಡಲು ಬೋಳುಬೋಳು. ಆದರೆ ನಕಲು ಎಷ್ಟು ಹಿಂದೆ ಬಿದ್ದಿದೆ ಎಂದು ಅದು ಹೇಳುತ್ತಿತ್ತು. ಅವರದನ್ನು ಮೊದಲೇ ಪರೀಕ್ಷಿಸಿ ನೋಡಿದ್ದೆ. ಅದೇ ಹಳೆಯ ಕುರುಡು. ಅವರ ಕೋಣೆಗೆ ಹೋಗಿ ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಹೇಳಲಿಲ್ಲ. ಅವರು ನನ್ನತ್ತ ಬೆರಳು ತೋರಿಸಿದ್ದ ಅದೇ ಸಭಾಂಗಣಕ್ಕೆ ಎಲ್ಲರನ್ನೂ ಕರೆಸಲು ಆಸ್ಪತ್ರೆ ನಡೆಸುವ ಡಾಕ್ಟರಮ್ಮನನ್ನು ಒಪ್ಪಿಸಿದೆ.

"ಮೇಡಂ, ಈಗ ಲಿಂಗಸುಗೂರಿಗೆ ಡೇಟಾ ಹೋಗೋದನ್ನ ನಿಲ್ಲಸ್ತೀನ್ರಿ. ಎರಡರಾಗ ಯಾವುದು ಹೇಳ್ತೈತಿ ನೋಡ್ರಿ," ಎಂದು ನಿಲ್ಲಿಸಿದೆ.

ಸ್ವಲ್ಪ ಹೊತ್ತಿಗೆ ನನ್ನ ಪರದೆ ಕೆಂಪಾಯಿತು. ಅವರದು ಹಸಿರಾಗಿ ನಗುತ್ತಲೇ ಇತ್ತು. ಮ್ಯಾನೇಜರ್ ಎರಡು ಸಲ ರಿಫ್ರೆಶ್ ಮಾಡಿದರು. ಹಸಿರೇ.

ಡಾಕ್ಟರಮ್ಮ ಕನ್ನಡಕ ತೆಗೆದು ಕೇಳಿದರು: "ಹಂಗಾರ ಅವತ್ತೂ ಇದು ಹಸಿರೇ ಇತ್ತೇನ್ರಿ?"

ಮ್ಯಾನೇಜರ್ ಮೂರನೇ ಸಲ ರಿಫ್ರೆಶ್ ಒತ್ತಿದರು. ನಾನು ಬಿಡಲಿಲ್ಲ. "ಹಸಿರೇ ಇತ್ರಿ ಮೇಡಂ. ಡೇಟಾ ಹೋಗವಲ್ದು ಅಂತ ಇವರಿಗೆ ಹೇಳಿದ್ದೆ. ಸರ್, ಮಕ್ಕೊಂಡಿದ್ದು ಯಾರು ಅಂತ ಈಗ ಎಲ್ಲರ ಮುಂದ ಹೇಳ್ರಿ."

ಅವರ ಕಿವಿಯವರೆಗೂ ರಕ್ತವೇರಿತು. "ತಪ್ಪು ನಂದೇ," ಎಂದರು, ಬಾಯೊಳಗೇ.

"ಹಿಂದ ಕುಂತೋರಿಗೆ ಕೇಳಸಲಿಲ್ರಿ," ಎಂದೆ.

ಅವರು ಇನ್ನೊಮ್ಮೆ ಹೇಳಬೇಕಾಯಿತು.

ನನ್ನ ಸಾಧನವೇ ಆಯ್ಕೆಯಾಯಿತು. ಸಂಜೆ ಅವರು ನನಗೆಂದು ಚಹಾ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. "ಆಗಿದ್ದಾತು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಇಟ್ಕೊಂಡೀನ್ರಿ ಸರ್," ಎಂದೆ. ಚಹಾ ಮಾತ್ರ ಕುಡಿದೆ. ಬಹಳ ರುಚಿಯಾಗಿತ್ತು.