ಚುರುಮುರಿ ಭಟ್ಟಿಯ ಬೂದಿ

ಮಕ್ಕಳೇ, ಮೊನ್ನೆ ನೀವು ಬಾಲ್ಕನಿಯ ಗುಲಾಬಿ ಗಿಡಕ್ಕೆಂದು ಮೊಬೈಲಿನಲ್ಲಿ ತರಿಸಿದ ಪೊಟ್ಟಣವನ್ನು ನಾನೇ ಕತ್ತರಿಸಿದೆ. ಒಳಗೆ ಬರೀ ಕಟ್ಟಿಗೆಯ ಬೂದಿ. ಬೂದಿಯೂ ಪಾರ್ಸೆಲ್ಲಿನಲ್ಲಿ ಬರುತ್ತದಾ ಎಂದು ನಿಮ್ಮಪ್ಪ ನಕ್ಕ. ನನಗೆ ನಗು ಬರಲಿಲ್ಲ. ಆ ವಾಸನೆಗೆ ವಿಠ್ಠಲವಾಡಿಯಲ್ಲಿ ನಾವಿದ್ದ ಸಾಲುಮನೆಗಳ ಚಾಳು ನೆನಪಾಯಿತು, ಪಕ್ಕದ ಮನೆಯ ಅಕ್ಕ ನೆನಪಾದಳು...

ಅಕ್ಕ ವಿಜಾಪುರದ ಕಡೆಯವಳು. ನಿಮ್ಮ ಅಜ್ಜ ಉಡುಪಿ ಹೋಟೆಲಿನ ಕೆಲಸಕ್ಕೆ ಹೋದ ಮೇಲೆ ಆ ಚಾಳಿನಲ್ಲಿ ನಾನು ಬಾಯಿ ಬಿಡುತ್ತಿದ್ದುದು ಅವಳೊಬ್ಬಳ ಹತ್ತಿರ. ಅವಳ ಬಳಿ ಒಂದು ಕೆಂಪು ಹೇಂಟೆ ಇತ್ತು. ಮದುವೆಯಾಗಿ ಸೋಲಾಪುರಕ್ಕೆ ಹೋದ ಮಗಳು ಸಾಕಿದ್ದು. ಆ ವರ್ಷ ಅದಕ್ಕೆ ಹೇನು ಹತ್ತಿ ಹೊಟ್ಟೆಯ ಕೆಳಗಿನ ಗರಿ ಉದುರತೊಡಗಿತ್ತು. ಅಕ್ಕ ಕಲ್ಯಾಣದಲ್ಲಿ ಮಂಡಕ್ಕಿ ಹುರಿಯುವ ಚುರುಮುರಿ ಭಟ್ಟಿಯಿಂದ ಬೂದಿ ತಂದು ಹಳೆಯ ಬುಟ್ಟಿಯಲ್ಲಿ ತುಂಬಿ ಇಟ್ಟಿದ್ದಳು. ಕೋಳಿ ಅದರಲ್ಲಿ ಹೊರಳಾಡಿದರೆ ಹೇನು ಸಾಯುತ್ತವಂತೆ.

ಮಗಳ ಹೆರಿಗೆಗೆ ಹೊರಟಾಗ ಕೋಳಿಯನ್ನು ನನಗೆ ಒಪ್ಪಿಸಿದಳು. “ದಿನಾ ಬೂದ್ಯಾಗ ಆಡಾಕ ಬಿಡು ತಂಗಿ. ಮಗಳು ಬಂದಾಕಿ ಮೊದಲ ಇದನ್ನ ಕೇಳ್ತಾಳ.”

ಎರಡನೇ ದಿನವೇ ಕೋಳಿ ರೆಕ್ಕೆ ಕೊಡವಿ ಬೂದಿ ಹಾರಿಸಿತು. ಪಡಸಾಲೆಯಲ್ಲಿ ಒಣಗಲು ಹಾಕಿದ್ದ ನನ್ನ ಹಪ್ಪಳವೆಲ್ಲ ಬೂದಿಮಯವಾಯಿತು. ಸಿಟ್ಟಿನಲ್ಲಿ ಬುಟ್ಟಿಯನ್ನೆತ್ತಿ ಗಟಾರಕ್ಕೆ ಸುರಿದೆ. ಇಷ್ಟು ಕೊಳಕಿನಲ್ಲಿ ಹೊರಳಿದರೆ ಚರ್ಮ ಹೇಗೆ ವಾಸಿಯಾದೀತು ಎಂದು ನನ್ನ ಬುದ್ಧಿ.

ವಾರ ಕಳೆಯುವಷ್ಟರಲ್ಲಿ ಕೋಳಿ ತನ್ನನ್ನೇ ಕುಕ್ಕಿಕೊಂಡು ಎದೆಯೆಲ್ಲ ಕೆಂಪು ಮಾಡಿಕೊಂಡಿತು. ಅಕ್ಕ ಅಂದೇ ಸಂಜೆಯ ಗಾಡಿಗೆ ಬರುವವಳು. ನಮ್ಮೂರಿನಲ್ಲಿ ಮಕ್ಕಳ ಮೈ ತುರಿಸಿದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ತೆಂಗಿನೆಣ್ಣೆ ಬಿಸಿ ಮಾಡಿ ನೆತ್ತಿಯಿಂದ ಬಾಲದವರೆಗೆ ತಿಕ್ಕಿದೆ. ಗರಿಯೆಲ್ಲ ಮೈಗಂಟಿತು. ಸ್ವಲ್ಪ ಹೊತ್ತಿಗೆ ಅದು ನಡುಗತೊಡಗಿತು. ಆಮೇಲೆ ಕಣ್ಣು ಮುಚ್ಚಿ ಒಂದು ಬದಿಗೆ ವಾಲಿತು...

ಅಕ್ಕ ಬಂದವಳು ಚೀಲ ಕೆಳಗಿಡಲಿಲ್ಲ.

“ಏನ ಮಾಡೀದಿ ಇದಕ್ಕ?”

“ಎಣ್ಣೆ ಹಚ್ಚಿದೆ ಅಕ್ಕ... ಮಕ್ಕಳಿಗೆ ಹಚ್ಚಿದ ಹಾಗೆ.”

“ಎಣ್ಣಿ? ಭಜಿ ಕರಿಯೂದಿತ್ತೇನ? ಗರಿ ಅಂಟಿದರ ಅದಕ್ಕ ಥಂಡಿ ಹತ್ತತೈತಿ! ಕಡ್ಲಿಹಿಟ್ಟು ತಾ, ಉಗುರುಬೆಚ್ಚನ ನೀರು ತಾ!”

ನಾನು ಹಿಡಿದುಕೊಂಡೆ, ಅವಳು ಹಿಟ್ಟು ಹಚ್ಚಿ ತೊಳೆದಳು. ಮೂರು ಸಲ. ನನ್ನ ಅಂಗೈಯಲ್ಲಿ ಅದರ ಎದೆ ಒಮ್ಮೆ ಬಡಿಯುತ್ತಿತ್ತು, ಒಮ್ಮೆ ಗೊತ್ತೇ ಆಗುತ್ತಿರಲಿಲ್ಲ. ಒರೆಸಿ, ಹಳೆಯ ಸೀರೆ ಸುತ್ತಿ, ದೊಡ್ಡ ಬಲ್ಬಿನ ಕೆಳಗೆ ಇಟ್ಟೆವು. ರಾತ್ರಿ ಊಟದ ಹೊತ್ತಿಗೆ ಅದು ಕುತ್ತಿಗೆ ಎತ್ತಿತು. ಅಕ್ಕ ಅತ್ತಳು. ಆಮೇಲೆ ಕೇಳಿದಳು:

“ಬೂದಿ ಬುಟ್ಟಿ ಎಲ್ಲಿ?”

ನಾನು ಕೋಳಿಗೆ ಸುತ್ತಿದ್ದ ಸೀರೆಯನ್ನು ಸರಿಮಾಡತೊಡಗಿದೆ. ಅವಳೇ ಅಂದಳು, “ಆ ಕಚರಾವಾಲಿನ ಚೆಲ್ಲಿರಬೇಕ.”

ಮರುದಿನ ಕಸ ಒಯ್ಯಲು ಬಂದ ಕಸದವಳಿಗೆ ಇಡೀ ಚಾಳಿನ ಎದುರಿಗೇ ಬೈದಳು. ಕಸದವಳು ತಾನು ಚೆಲ್ಲಿಲ್ಲವೆಂದು ಮಕ್ಕಳ ಮೇಲೆ ಆಣೆ ಹಾಕಿದಳು. ನಾನು ಬಾಗಿಲ ಹಿಂದೆ ಹಪ್ಪಳದ ಡಬ್ಬಿ ಹಿಡಿದು ನಿಂತಿದ್ದೆ. ಅಲ್ಲಿಯವರೆಗೆ ಅಕ್ಕ ಅವಳಿಗೆ ದಿನಾ ಬೆಳಿಗ್ಗೆ ಒಂದು ಲೋಟ ಚಹಾ ಕೊಡುತ್ತಿದ್ದಳು. ಅಂದಿನಿಂದ ನಿಲ್ಲಿಸಿದಳು.

ಹೊಸ ಬೂದಿ ಬಂತು. ತಿಂಗಳೆರಡರಲ್ಲಿ ಕೋಳಿಗೆ ಗರಿ ಬಂದವು. ಮಗಳು ಕೂಸಿನೊಡನೆ ಬಂದಾಗ ಅಕ್ಕ ನನ್ನನ್ನು ಮುಂದೆ ಎಳೆದು, “ಈ ತಂಗಿ ಹಿಡಕೊಂಡು ಕುಂತಿದ್ದಕ್ಕ ಉಳೀತು” ಅಂದಳು. ಆಗಲೂ ನಾನು ಹೇಳಲಿಲ್ಲ.

ಆ ಚಾಳು ಈಗಿಲ್ಲ. ಅಕ್ಕ ತೀರಿಹೋದ ಸುದ್ದಿ ನಾವು ಡೊಂಬಿವಿಲಿಗೆ ಬಂದ ಮೇಲೆ ತಿಳಿಯಿತು. ಕಸದವಳು ಎಲ್ಲಿದ್ದಾಳೋ... ಇಂದು ಗುಲಾಬಿಯ ಬುಡಕ್ಕೆ ಬೂದಿ ಹಾಕಿ ಕೈ ತೊಳೆದು ಬಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಟ್ಟಡದ ಕಸದವಳಿಗೆ ನಾನು ದಿನಾ ಚಹಾ ಕೊಡುವುದು ಯಾಕೆ ಎಂದು ನೀವು ಕೇಳುತ್ತಿದ್ದಿರಲ್ಲ, ಮಕ್ಕಳೇ. ಅದು ಅಂದು ನನ್ನಿಂದ ನಿಂತುಹೋದ ಚಹಾ.