ಕೊಳಗದ ಮೇಲಿನ ಡಾಟ್ ಕಾಮ್

"ಅಕ್ಕಾ, ನೀವು ಕೂದ್ಲೂ ಮಾರ್ತೀರಾ?"

ಹೋದ ಭಾನುವಾರ ಮಿರ್ಲೆಯ ಮದುವೆಮನೆಯಲ್ಲಿ ಅನ್ನದ ಡಬರಿ ಇಳಿಸುತ್ತಿದ್ದ ಹೊತ್ತಿಗೆ ಸರಿಯಾಗಿ, ಹೆಣ್ಣಿನ ಸೋದರಮಾವ ಪುಟ್ಟರಾಜು ಕೇಳಿದ ಪ್ರಶ್ನೆ ಇದು. ನಾನು ಪಿರಿಯಾಪಟ್ಟಣದಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವಳು. ಕೂದಲಿಗೂ ನಮಗೂ ಇರುವ ಸಂಬಂಧ ಒಂದೇ. ಅದು ಸಾರಿನಲ್ಲಿ ಸಿಕ್ಕಬಾರದು.

"ಏನ್ ಮಾತು ಅಂತ ಆಡ್ತೀರಾ ಪುಟ್ಟರಾಜಣ್ಣ?"

"ನಾನೆಲ್ಲಿ ಆಡ್ದೆ? ನಿಮ್ ಡಬರಿನೇ ಅಂಗಂತು ಕಣಕ್ಕ!"

ಆದದ್ದು ಇಷ್ಟು. ನಮ್ಮ ಪಾತ್ರೆಗಳನ್ನು ಮೆಚ್ಚಿದ ಪುಟ್ಟರಾಜು, ತಮ್ಮ ಮಗಳ ಮದುವೆಗೂ ಇವೇ ಇರಲಿ ಎಂದುಕೊಂಡಿದ್ದಾರೆ. ಡಬರಿಯ ಮೇಲೆ ನಮ್ಮ ಅಂಗಡಿಯ ವೆಬ್‌ಸೈಟ್ ವಿಳಾಸ ಕೊರೆದಿತ್ತು. ಹೂವು ತರಲು ಕೆ.ಆರ್. ನಗರಕ್ಕೆ ಹೋದವರು ಅಲ್ಲಿನ ಸೈಬರ್ ಸೆಂಟರ್‌ನಲ್ಲಿ ಅದನ್ನು ತೆರೆದಿದ್ದಾರೆ. ತೆರೆದರೆ ವಿಗ್! ಸಾಲು ಸಾಲು ವಿಗ್. ಕೆಂಪಗಿನದು, ಹೊಂಬಣ್ಣದ್ದು, ಗುಂಗುರು. ಅವನ್ನು ಹಾಕಿಕೊಂಡು ಹಲ್ಲು ಬಿಡುತ್ತಿರುವ ಪರದೇಶದ ಹೆಂಗಸರು. (ಒಬ್ಬಳೂ ಮಿರ್ಲೆ ಕಡೆಯವಳಲ್ಲ.) ಸಾಕ್ಷಿಗೆ ಎರಡು ಹಾಳೆ ಪ್ರಿಂಟ್ ಬೇರೆ ತಂದಿದ್ದರು.

ಅಡುಗೆಯ ಜವರಪ್ಪ ಹಾಳೆ ನೋಡಿ ಸೌಟು ಕೆಳಗಿಟ್ಟ.

"ಅಯ್ಯೋ, ಗಂಡಿನ್ ಕಡೆಯೋರು ಉಣ್ಣಕ್ಕೆ ಬರೋ ಒತ್ತು ಕಣ್ರಪ್ಪಾ! ಮೊದ್ಲೇ ಮದ್ವೆಗಂಡಿಗೆ ಮುಂದ್ಲೆ ಬಯಲು. ಯಾರಾನ ಇದ ತೆಗ್ದು ನೋಡುದ್ರೆ ಬೇಕೂ ಅಂತ್ಲೇ ಅಣಕಿಸ್ತಾವ್ರೆ ಅಂತಾರೆ!"

ತಗೊಳ್ಳಿ, ಶುರುವಾಯಿತು. ಡಬರಿಗಳೆಲ್ಲ ಗೋಡೆಗೆ ಮುಖ ಮಾಡಿದವು. ಬಡಿಸುವ ಬಕೆಟ್‌ಗಳಿಗೆ ಗೋಡೆ ಕಡೆ ತಿರುಗಿ ನಿಲ್ಲುವ ಯೋಗವಿಲ್ಲವಲ್ಲ? ಅವಕ್ಕೆ ಡಾಟ್ ಕಾಮ್ ಮೇಲೆ ಗಟ್ಟಿಯಾಗಿ ಅರಿಶಿನ ಕಲಸಿ ಬಳಿದೆವು. ಸಾರಿನ ಬಕೆಟ್ ಮದುವಣಗಿತ್ತಿಯ ಕಳೆ ಹೊತ್ತು ಪಂಕ್ತಿಗೆ ಹೊರಟಿತು. "ಎಷ್ಟು ಶಾಸ್ತ್ರ ನೋಡಿ ಇವರದು" ಎಂದು ಗಂಡಿನ ಅಜ್ಜಿ ಕೈ ಮುಗಿದರು!

ನಾನು ಉಗ್ರಾಣದಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕೆ. ನಿಲ್ಲಿಸಲು ಆಗಲೇ ಇಲ್ಲ. ಯಾಕೆಂದರೆ ಈ ವಿಳಾಸ ಕಾದಿರಿಸಿದ ನಮ್ಮ ಯಜಮಾನರ ತಲೆ ಬೋಳು. ನಾಲ್ಕು ಕೂದಲಿದ್ದವು, ಅವಕ್ಕೂ ದಿನಾ ಬಾಚಣಿಗೆ. ಅಂಥವರ ಹೆಸರಿನಲ್ಲಿ ವಿಗ್!

ಅವರು ಹೋಗಿ ಹದಿನಾಲ್ಕು ತಿಂಗಳಾಯಿತು. ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಆಮೇಲೆ ನಾನು ಹೀಗೆ ನಕ್ಕಿದ್ದು ಅದೇ ಮೊದಲು. ನಗುತ್ತಲೇ ಒಂದು ಬಕೆಟ್ ತಿರುಗಿಸಿದೆ. ಅವರ ಅಕ್ಷರ ಕಂಡಿತು. ನಗು ನಿಂತಿತು.

ಪಾತ್ರೆ ಅದಲುಬದಲಾಗದಿರಲಿ ಎಂದು ಎಲ್ಲರೂ ಹೆಸರು ಕೊರೆಸುತ್ತಾರೆ. ಇವರು ಹೆಸರು ಕೊರೆಯುವ ಮಿಷನ್ ತಾವೇ ಹಿಡಿದು, ಮೂರು ದಿನ ಕೂತು, ಸೌಟನ್ನೂ ಬಿಡದೆ ಡಾಟ್ ಕಾಮ್ ಕೊರೆದಿದ್ದರು. ಆದರೆ ವೆಬ್‌ಸೈಟ್‌ನಲ್ಲಿ? ಏನೂ ಇರಲಿಲ್ಲ, ಖಾಲಿ. ನಮ್ಮೂರ ಸೈಬರ್ ಸೆಂಟರ್‌ನ ಮಹೇಶ ಒಂದು ಫೋಟೋ ಕೊಡಿ ಎಂದು ಗೋಗರೆಯುತ್ತಿದ್ದ.

"ತಡಿಯೋ, ಹೊಸಾ ಶಾಮಿಯಾನ ಬರ್ಲಿ. ಈ ತ್ಯಾಪೆ ಬಟ್ಟೆಯ ಲೋಕಕ್ಕೆಲ್ಲ ತೋರ್ಸನಾ?"

ಹೊಸ ಶಾಮಿಯಾನ ಬಂತು. ಬಿಸಿಲು ಬರಲಿ ಎಂದರು. ಬಿಸಿಲು ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು.

ಸೋಮವಾರ ಮಹೇಶನ ಮುಂದೆ ಕೂತೆ.

"ವರ್ಷಾ ವರ್ಷಾ ದುಡ್ ಕಟ್ಟಿ ವಿಳಾಸ ರಿನ್ಯೂ ಮಾಡಿಸ್ಬೇಕಿತ್ತಕ್ಕ. ಜ್ಞಾಪಿಸೋ ಕಾಗ್ದ ಅಣ್ಣನ್ ಇ-ಮೇಲ್‌ಗೆ ಬಂದಿರ್ತದೆ."

"ಅದ ತೆಗಿ ಮತ್ತೆ."

"ಪಾಸ್‌ವರ್ಡ್ ಕೊಡಿ."

ಅದು ಅವರ ಜೊತೆಗೇ ಹೋಗಿದೆ. ಮಕ್ಕಳ ಹೆಸರು, ಟೆಂಪೋ ನಂಬರ್, ಮನೆದೇವರು, ಎಲ್ಲ ಹಾಕಿ ನೋಡಿದೆವು. ನನ್ನ ಹೆಸರಿಗೂ ತೆರೆಯಲಿಲ್ಲ. (ಮೇಲೆ ಸಿಕ್ಕಾಗ ಅವರನ್ನೇ ಕೇಳುತ್ತೇನೆ.)

"ನಾವು ಬುಟ್ಟಿದ್ ವಿಳಾಸಾನ ಆ ವಿಗ್ಗಿನೋರು ಇಡ್ಕಂಡ್ರು ಅಷ್ಟೇ ಕಣಕ್ಕ. ನಿಮ್ ಪಾತ್ರೆ ಹೋದ್ ಕಡೆಯೆಲ್ಲ ಅವ್ರಿಗೆ ಪುಕ್ಸಟ್ಟೆ ಪ್ರಚಾರ. ವಾಪಸ್ ಕೇಳುದ್ರೆ ಡಾಲರ್‌ನಲ್ಲಿ ರೇಟು ಏಳ್ತಾರೆ."

ಯಾರನ್ನು ಬೈಯಲಿ? ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಟೀಗೆ ಹೋಗಿ ಕೂತರೆ, ಸೀಟು ಖಾಲಿ ಉಳಿಯುತ್ತದೆಯೇ?

ಅಲ್ಲೇ ಹೊಸ ವಿಳಾಸ ಕೊಂಡೆ. ಸಂಜೆಯೊಳಗೆ ಪುಟ ತುಂಬಿಸಿದೆ. ಫೋಟೋ? ಅದೇ ತ್ಯಾಪೆ ಶಾಮಿಯಾನ. ಕಂಬ ಹಿಡಿದು ಯಜಮಾನರು ನಿಂತಿದ್ದಾರೆ, ತಲೆ ಫಳಫಳ. ವಿಗ್‌ನವರು ನೋಡಿದರೆ ಗಿರಾಕಿ ಸಿಕ್ಕನೆಂದು ಕುಣಿದಾರು!

ಉಳಿದದ್ದು ಪಾತ್ರೆಗಳು. ಹಾಗೇ ಬಿಟ್ಟರೆ ಪ್ರತಿ ಮದುವೆಯಲ್ಲೂ ನಾನು ವಿಗ್ ಮಾರಬೇಕು. ಉಜ್ಜಿಸಿದರೆ ಅವರ ಅಕ್ಷರ ಹೋಗುತ್ತದೆ. ಎರಡು ದಿನ ಸುಮ್ಮನೆ ಪಾತ್ರೆಗಳ ನಡುವೆ ಓಡಾಡಿದೆ. ಮೂರನೆಯ ದಿನ ಗ್ರೈಂಡಿಂಗ್ ಮಿಷನ್‌ನವರನ್ನು ಕರೆಸಿದೆ. ಕಿಡಿ ಹಾರುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹೊಸ ವಿಳಾಸವನ್ನು ನಾನೇ ಕೊರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಇರಲಿ.

ನೀರಿನ ಕೊಳಗ ಒಂದನ್ನು ಮಾತ್ರ ಉಜ್ಜಲು ಬಿಡದೆ ಅಡುಗೆಮನೆಗೆ ತಂದುಕೊಂಡಿದ್ದೇನೆ. ಅದನ್ನು ಬಾಡಿಗೆಗೆ ಕೊಡುವುದಿಲ್ಲ.

ಖಾಲಿಯೂ ಇಡುವುದಿಲ್ಲ.